ಹಿರಿಯರನ್ನು ಹಿಡಿದ ಡಬ್ಬಿ

ಪುಕ್ಕಟೆ ಕೊಟ್ಟ ವಸ್ತು ಕೊಟ್ಟವನನ್ನೇ ಕಾಡುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ವೇಣುಗೋಪಾಲ್ ಆ ಗ್ಯಾಸ್ ಡಬ್ಬಿಯನ್ನು ಕೊಳ್ಳುತ್ತಲೇ ಇರಲಿಲ್ಲ. ಅಂಗೈಯಗಲದ ಬಿಳಿ ಡಬ್ಬಿ. ಸೆಲ್ ಹಾಕಿ ಗೋಡೆಗೆ ನೇತುಹಾಕಿದರೆ ಮುಗಿಯಿತು, ಸಿಲಿಂಡರ್ ಎಳ್ಳಷ್ಟು ಸೋರಿದರೂ ಬೀದಿಗೆಲ್ಲ ಕೇಳುವಂತೆ ಕೂಗಿಕೊಳ್ಳುತ್ತದೆ. ಅದನ್ನು ಅವನು ತಂದದ್ದು ತನ್ನ ಮನೆಗಲ್ಲ, ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರದ ಚಿಕ್ಕಹನುಮಯ್ಯನವರ ಮನೆಗೆ.

ಸುಮ್ಮಸುಮ್ಮನೆ ಕೊಡುವಷ್ಟು ಉದಾರಿಯೇನಲ್ಲ ನಮ್ಮ ವೇಣು. ಗಾಡಿಗಳ ಹೊಗೆ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಅವನ ಎಮಿಷನ್ ವ್ಯಾನು ನಾಲ್ಕು ವರ್ಷದಿಂದ ನಿಂತಿದ್ದದ್ದು ಆ ಯಜಮಾನರ ಕಾರ್ನರ್ ಸೈಟಿನಲ್ಲಿ. ಹೋದ ವಾರ ಅವರ ಮಗ ಮಹೇಂದ್ರ ಬಂದು, "ವೇಣಣ್ಣ, ಜ್ಯೂಸ್ ಅಂಗಡಿಯವ್ರು ಈ ಜಾಗ ಕೇಳ್ತಾವ್ರೆ. ಹಬ್ಬ ಕಳೀಲಿ, ಆಮೇಲೆ ಹೇಳ್ತೀನಿ ಅಂದವ್ರೆ ನಮ್ಮಪ್ಪ" ಎಂದು ಹೇಳಿ ಹೋಗಿದ್ದ. ಆ ಮೂಲೆ ಕೈಬಿಟ್ಟರೆ ವಿದ್ಯಾರಣ್ಯಪುರದಿಂದ ಯಲಹಂಕದವರೆಗೆ ಹುಡುಕಿದರೂ ವ್ಯಾನು ನಿಲ್ಲಿಸಲು ಗೇಣು ಜಾಗ ಸಿಗುವಂತಿರಲಿಲ್ಲ. ಹಾಗಾಗಿ ಯಜಮಾನರ ಮನಸ್ಸು ಗೆಲ್ಲಲು ಈ ಡಬ್ಬಿ.

ಮನೆಯ ಹಿಂದಿನ ಕೋಣೆಯಲ್ಲಿ ಹೆಚ್ಚುವರಿ ಸಿಲಿಂಡರ್ ಇತ್ತು. ವೇಣು ತಾನೇ ಮೊಳೆ ಹೊಡೆದು ನೆಲದಿಂದ ಒಂದು ಮೊಳ ಎತ್ತರದಲ್ಲಿ ಡಬ್ಬಿ ನೇತುಹಾಕಿದ.

"ಇಷ್ಟ್ ಕೆಳಗ್ಯಾಕಪ್ಪಾ?" ಎಂದರು ಯಜಮಾನರು.

"ಅಡುಗೆ ಗ್ಯಾಸ್ ಗಾಳಿಗಿಂತ ಭಾರ ಯಜಮಾನ್ರೆ, ನೆಲದ ಮೇಲೇ ಹರಿಯೋದು. ಡಬ್ಬಿ ಕೆಳಗೇ ಇರ್ಬೇಕು."

"ಬುದ್ವಂತ ಕಣಯ್ಯ ನೀನು. ಅಮಾಸೆ ದಿನ ಊಟಕ್ ಬಾ" ಎಂದರು. ವೇಣುವಿಗೆ ಮೂಲೆ ಸೈಟು ಅರ್ಧ ಸಿಕ್ಕಂತೆಯೇ ಆಯಿತು.

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ. ಬೀದಿಯ ಮನೆಮನೆಯಲ್ಲೂ ಹಿರಿಯರ ಹಬ್ಬದ ಮಾಂಸದ ಸಾರು ಕುದಿಯುತ್ತಿತ್ತು. ಚಿಕ್ಕಹನುಮಯ್ಯನವರ ತೀರಿಹೋದ ಅಪ್ಪ ಮಲಗುತ್ತಿದ್ದದ್ದು ಅದೇ ಹಿಂದಿನ ಕೋಣೆಯಲ್ಲಿ, ಆದ್ದರಿಂದ ಎಡೆಯೂ ಅಲ್ಲೇ. ಬಾಳೆಲೆಯ ಮೇಲೆ ಮುದ್ದೆ, ಸಾರು, ವಡೆ, ಕಜ್ಜಾಯ, ಪಕ್ಕದಲ್ಲಿ ಹೊಸ ಪಂಚೆ, ಬೀಡಿ, ತುಂಬಿದ ಲೋಟ ಬ್ರಾಂದಿ. ಯಜಮಾನರ ಹೆಂಡತಿ ಸುಬ್ಬಮ್ಮ ಬಾಗಿಲೆಳೆದು ಚಿಲಕ ಹಾಕಿದರು. ಹಿರಿಯರು ಬಂದು ಉಂಡು ಹೋಗುವ ತನಕ, ಅಂದರೆ ಅರ್ಧ ಗಂಟೆ, ಯಾರೂ ಆ ಬಾಗಿಲು ತೆಗೆಯುವಂತಿಲ್ಲ.

ಐದು ನಿಮಿಷವಾಗಿರಲಿಲ್ಲ, ಒಳಗಿನಿಂದ ಡಬ್ಬಿ ಕೀಂ ಕೀಂ ಎಂದು ಕಿರುಚತೊಡಗಿತು.

ಊಟಕ್ಕೆ ಬಂದು ಕೂತಿದ್ದ ವೇಣು ಚಾಪೆಯಿಂದ ಚಂಗನೆ ಎದ್ದ. "ಅಯ್ಯೋ, ಗ್ಯಾಸ್! ಬಾಗ್ಲು ತೆಗೀರಮ್ಮಾ!"

ಸುಬ್ಬಮ್ಮ ಬಾಗಿಲಿಗೆ ಅಡ್ಡ ನಿಂತರು. "ಇರೀಕರು ಉಣ್ತಾವ್ರೆ. ಮಧ್ಯದಾಗೆ ಬಾಗ್ಲು ತೆಗೆದ್ರೆ ಮನೆ ಉದ್ಧಾರ ಆಗ್ತೈತಾ?"

"ಮನೇನೇ ಇರಲ್ಲಮ್ಮಾ, ಉದ್ಧಾರ ಆಮೇಲಿನ ಮಾತು! ಮಹೇಂದ್ರ, ಸ್ವಿಚ್ ಮುಟ್ಬೇಡ! ಒಳಗೆ ಬೆಂಕಿಗಿಂಕಿ ಇಲ್ಲ ತಾನೇ ಯಜಮಾನ್ರೆ?"

"ದೀಪ ಅಚ್ಚಿಟ್ಟಿವ್ನಿ" ಎಂದರು ಚಿಕ್ಕಹನುಮಯ್ಯ. ಸ್ವಲ್ಪ ಯೋಚಿಸಿ, "ಬೀಡಿನೂ ಅಚ್ಚಿಟ್ಟಿವ್ನಿ" ಎಂದು ಸೇರಿಸಿದರು.

ಅಷ್ಟರಲ್ಲಿ ಪಕ್ಕದ ಮನೆಯ ಮುನಿವೆಂಕಟಮ್ಮ ಸೌಟು ಹಿಡಿದುಕೊಂಡೇ ಬಂದಳು. ವಿಷಯ ಪೂರ್ತಿ ಕೇಳುವ ಅಭ್ಯಾಸ ಆಕೆಗೆ ಹುಟ್ಟಿನಿಂದಲೂ ಇಲ್ಲ. ಬೀದಿಗೆ ಓಡಿ, "ಅನುಮಯ್ಯನ ಮನೆ ಸಿಲಿಂಡರ್ ಸಿಡೀತಂತೆ, ಎಲ್ಲಾ ಒಲೆ ಆರಿಸ್ರಪ್ಪೋ!" ಎಂದು ಕೂಗಿದಳು. ಸಿಂಗಾಪುರದ ಅರ್ಧ ಊರಿನ ಒಲೆ ಆರಿತು, ಅರ್ಧ ಬೆಂದ ಮಾಂಸಕ್ಕಾಗಿ ಎಲ್ಲರೂ ವೇಣುವನ್ನು ಬಾಯಿಗೆ ಬಂದಂತೆ ಬೈಯುತ್ತ ಅಂಗಳದಲ್ಲಿ ಸೇರಿದರು.

ಇನ್ನು ತಡೆಯಲಾಗಲಿಲ್ಲ. ವೇಣು ಒದ್ದೆ ಗೋಣಿಚೀಲ ಹೊದ್ದು, ದೇವರ ಹೆಸರು ಹೇಳಿ, ಸುಬ್ಬಮ್ಮನವರನ್ನು ಪಕ್ಕಕ್ಕೆ ಸರಿಸಿ ಒಳನುಗ್ಗಿದ. ಜನವೆಲ್ಲ ಗೇಟಿನಾಚೆ ಓಡಿತು.

ಒಳಗೆ ದೀಪ ತಣ್ಣಗೆ ಉರಿಯುತ್ತಿತ್ತು. ಸಿಲಿಂಡರಿನ ಮುಚ್ಚಳದ ಸೀಲ್ ಕೂಡ ಒಡೆದಿರಲಿಲ್ಲ. ನಿಜವಾಗಿ ಗ್ಯಾಸ್ ಸೋರಿದ್ದರೆ ಆ ದೀಪಕ್ಕೆ ಮನೆ ಎಂದೋ ಹಾರಿಹೋಗಬೇಕಿತ್ತಲ್ಲ ಎಂಬ ಬುದ್ಧಿ ಅವನಿಗೆ ಆಗ ಬಂತು. ಮತ್ತೆ ಕೂಗುತ್ತಿರುವುದು ಯಾತಕ್ಕೆ? ನೋಡಿದರೆ ಡಬ್ಬಿಯ ಬುಡದಲ್ಲೇ ಬ್ರಾಂದಿ ಲೋಟ. ಲೋಟವನ್ನು ದೂರ ಸರಿಸಿದ, ಸ್ವಲ್ಪ ಹೊತ್ತಿಗೆ ಡಬ್ಬಿ ಸುಮ್ಮನಾಯಿತು. ಹತ್ತಿರ ತಂದ, ಮತ್ತೆ ಕೀಂ. ಹಾಳಾದ್ದು ಹೆಂಡದ ಆವಿಗೂ ಕೂಗುತ್ತದೆ! ಗಡಿಬಿಡಿಯಲ್ಲಿ ಒಂದಿಷ್ಟು ತುಳುಕಿದ್ದನ್ನು ಗೋಣಿಯಿಂದ ಒರೆಸಿದ.

ಹೊರಗೆ ಬಂದರೆ ಸುಬ್ಬಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದರು. "ಮಾವ ಒಂದ್ ತುತ್ತೂ ಬಾಯಿಗಿಟ್ಟಿರ್ಲಿಲ್ವೇನೋ!" ಮಹೇಂದ್ರ ಆಗಲೇ ಜ್ಯೂಸ್ ಅಂಗಡಿಯವರಿಗೆ ಫೋನು ಮಾಡಲು ಮೊಬೈಲ್ ತೆಗೆದಿದ್ದ.

"ಗ್ಯಾಸ್ ಸೋರಿತ್ತಾ?" ಚಿಕ್ಕಹನುಮಯ್ಯ ಗುಡುಗಿದರು.

"ಇಲ್ಲ ಯಜಮಾನ್ರೆ."

"ಮತ್ಯಾಕಯ್ಯಾ ಕೂಗ್ತು?"

ಬ್ರಾಂದಿ ವಾಸನೆಗೆ ಹಬ್ಬ ಕೆಡಿಸಿದೆ ಎಂದರೆ ಸೈಟು ಈಗಲೇ ಹೋಯಿತು. ವೇಣುವಿನ ಬಾಯಿಂದ ತಾನಾಗಿಯೇ ಮಾತು ಬಂತು. "ಒಳಗೆ... ಯಾರೋ ಬಂದಿದ್ರು ಯಜಮಾನ್ರೆ. ಇದಕ್ಕೆ ಗೊತ್ತಾಗ್ಬಿಡುತ್ತೆ."

ಚಿಕ್ಕಹನುಮಯ್ಯ ಮೆಲ್ಲಗೆ ಒಳಗೆ ಹೋಗಿ ಲೋಟ ನೋಡಿದರು. "ಸುಬ್ಬೀ! ಅರ್ಧ ಬೆಳ್ಳು ಕಮ್ಮಿ ಆಗೈತೆ ಕಣೇ! ಅಪ್ಪ ಬಂದಿದ್ದ!"

ಆಮೇಲಿನ ಸಂಭ್ರಮ ಕೇಳಬೇಡಿ. ಯಜಮಾನರು ಕಣ್ಣೀರಿಡುತ್ತಲೇ ವೇಣುವಿನ ಎಲೆಗೆ ನಾಲ್ಕು ಸಲ ತುಂಡು ಬಡಿಸಿದರು. ಬೈದವರೆಲ್ಲ ಬಂದು ಡಬ್ಬಿಗೆ ಕೈಮುಗಿದು ಹೋದರು. ವೇಣು ಹೊಟ್ಟೆ ಬಿರಿಯುವಂತೆ ಉಂಡು, ಈಗಲೇ ಕೇಳಿಬಿಡೋಣವೆಂದು ಸೈಟಿನ ಮಾತು ತೆಗೆಯುವಷ್ಟರಲ್ಲಿ ಯಜಮಾನರೇ ಬಾಯಿಬಿಟ್ಟರು.

"ನೋಡಪ್ಪ, ಅಪ್ಪನಿಗೊಂದು ಕಲ್ ನೆಟ್ಟು ಗುಡಿ ಕಟ್ಬೇಕೂಂತ ಅತ್ತು ವರ್ಸದಿಂದ ಆಸೆ. ಎಲ್ಲಿ ಕಟ್ಟಾದು? ಅವನ ಮನಸ್ನಾಗೆ ಯಾವ ಜಾಗ ಐತೋ ಗೊತ್ತಾಗ್ತಿರ್ಲಿಲ್ಲ. ಈಗ ನಿನ್ ಡಬ್ಬಿ ಐತಲ್ಲ."

ಡಬ್ಬಿಯನ್ನು ಮಂಗಳಾರತಿ ತಟ್ಟೆಯಂತೆ ಎರಡು ಕೈಯಲ್ಲಿ ಹಿಡಿದು ಮುದುಕ ಹೊರಟರು. ಹಿತ್ತಿಲು ಸುತ್ತಿದರು, ಡಬ್ಬಿ ಸುಮ್ಮನಿತ್ತು. ಹಳೇ ಬಾವಿ, ದನದ ಕೊಟ್ಟಿಗೆ, ಬಾಡಿಗೆ ಮನೆಗಳ ಮುಂದೆಲ್ಲ ಹೋದರು, ಉಸಿರಿಲ್ಲ. ಕೊನೆಗೆ ಕಾರ್ನರ್ ಸೈಟಿಗೆ ಬಂದರು. ಅಲ್ಲಿ ಸರ್ಫರಾಜನ ಲಗೇಜ್ ಆಟೋ ಎಮಿಷನ್ ಟೆಸ್ಟಿಗೆಂದು ಇಂಜಿನ್ ಆರಿಸದೆ ನಿಂತಿತ್ತು. "ವೇಣು ಭಾಯ್, ಎಷ್ಟೊತ್ತು ಕಾಯೋದು?" ಎಂದು ಅವನು ಆಕ್ಸಿಲರೇಟರ್ ತಿರುವಿದ. ಹಿಂದಿನ ಪೈಪಿನಿಂದ ಕರೀ ಹೊಗೆ ಬುಸ್ಸೆಂದು ಬಂದು ಮುದುಕರನ್ನೂ ಡಬ್ಬಿಯನ್ನೂ ಮುಚ್ಚಿತು.

ಕೀಂ! ಕೀಂ! ಕೀಂ!

"ಅಪ್ಪಾ!" ಎಂದು ಚಿಕ್ಕಹನುಮಯ್ಯ ವ್ಯಾನಿನ ಮುಂದಿನ ಚಕ್ರಕ್ಕೇ ಅಡ್ಡಬಿದ್ದರು.

"ಯಜಮಾನ್ರೆ, ಯಜಮಾನ್ರೆ, ಅದು ಇಂಜಿನ್ ಹೊಗೆಗೆ ಕೂಗಿದ್ದು ಕಣ್ರೀ!" ವೇಣು ಅಳುವುದೊಂದು ಬಾಕಿ.

ಮುದುಕ ನಿಧಾನವಾಗಿ ಎದ್ದು, ಮೊಣಕಾಲಿನ ಮಣ್ಣು ಕೊಡವಿ, ಅವನ ಮುಖವನ್ನೇ ನೋಡಿದರು. ಹಿಂದೆ ಸುಬ್ಬಮ್ಮ, ಮಹೇಂದ್ರ, ಸೌಟಿನ ಮುನಿವೆಂಕಟಮ್ಮ, ಇಡೀ ಬೀದಿ.

"ಇಲ್ಲಿ ಒಗೆ ಅಂತೀಯ. ಸರಿ. ಅಂಗಾರೆ ಕ್ವಾಣೇಲಿ ಯಾತಕ್ ಕೂಗ್ತು? ಅಲ್ಲಿ ಯಾವ ಇಂಜಿನ್ ಇತ್ತು? ಬಾಯ್ಬಿಟ್ಟು ಏಳು, ನಮ್ಮಪ್ಪ ಬಂದಿದ್ನೋ ಇಲ್ವೋ?"

ಇಲ್ಲ ಎಂದರೆ ಸೈಟೂ ಹೋಯಿತು, ಬೆನ್ನಿನ ಮೂಳೆಯೂ ಹೋಯಿತು. ವೇಣು ಒಮ್ಮೆ ತನ್ನ ವ್ಯಾನು ನೋಡಿದ, ಒಮ್ಮೆ ಜನರನ್ನು ನೋಡಿದ.

"ಬಂದಿದ್ರು, ಯಜಮಾನ್ರೆ."

"ಅಂಗಾರೆ ಗಾಡಿ ತೆಗಿ. ನಾಡಿದ್ದೇ ಪಾಯ. ಅಪ್ಪನ್ನ ತೋರ್ಸಿಕೊಟ್ಟ ಪುಣ್ಯಾತ್ಮ ನೀನು, ಮೊದಲ್ನೇ ಗುದ್ದಲಿ ನೀನೇ ಆಕ್ಬೇಕು."