ಕುಡಚಡೆಯ ಎರಡು ಗೇಟುಗಳ ಜಗಳ

ಯಂತ್ರ ಎಷ್ಟೇ ಹೊಸದಿರಲಿ, ಅದರ ಮುಂದೆ ನಿಲ್ಲುವ ಜನ ಮಾತ್ರ ನಾವೇ. ಹೀಗಾಗಿ ಇಂಥವು ನಡೆಯುತ್ತಲೇ ಇರುತ್ತವೆ. ತೊಂಬತ್ತರ ದಶಕದ ಕೊನೆಗೆ ನಾನು ಗೋವಾದ ಕುಡಚಡೆ ಹತ್ತಿರ ಅದಿರು ರಾಶಿ ಹಾಕುವ ಒಂದು ಪ್ಲಾಟಿನಲ್ಲಿ ಗೇಟು ಕಾಯುತ್ತಿದ್ದೆ. ಆಗಿನ ನಾಲ್ಕೈದು ಸಂಗತಿ ಇಲ್ಲಿವೆ.

ಲಾರಿ ಎಲ್ಲಿದೆ?

ಒಳಗೆ ಬರುವ ಗೇಟು, ಹೊರಗೆ ಹೋಗುವ ಗೇಟು ಎರಡೂ ಅಕ್ಕಪಕ್ಕ. ನಡುವೆ ನನ್ನ ಕ್ಯಾಬಿನ್. ಲಾರಿ ನಂಬರನ್ನು ನಾನೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಆ ವರ್ಷ ಬೆಳಗಾವಿ ಕಡೆಯ ಒಬ್ಬ ಇಂಜಿನಿಯರ್ ಬಂದು ಗೇಟಿಗೊಂದರಂತೆ ಎರಡು ಯಂತ್ರ ಕೂರಿಸಿದ. ಮೂವತ್ತೆರಡು ಲಾರಿಗಳ ಗಾಜಿನ ಹಿಂದೆ ಸೋಪಿನ ಗಾತ್ರದ ಒಂದೊಂದು ಡಬ್ಬಿ ಸಿಕ್ಕಿಸಿದ. ಗೇಟಿನ ಯಂತ್ರ ರೇಡಿಯೋ ಅಲೆಯಲ್ಲಿ ‘ಯಾರು ನೀನು’ ಎಂದು ಕೂಗಬೇಕು, ಡಬ್ಬಿ ತನ್ನ ನಂಬರ್ ಹೇಳಬೇಕು. ಇಷ್ಟೇ ಕೆಲಸ.

ಮೂರು ತಿಂಗಳ ಪರೀಕ್ಷೆ. ಪಾಸಾದರೆ ಯಂತ್ರದ ಜೊತೆ ನಾನೂ ಕಾಯಂ, ಇಲ್ಲವಾದರೆ ಯಂತ್ರ ವಾಪಸು, ನಾನು ಮತ್ತೆ ಸಲಿಕೆಗೆ. ಆರು ವರ್ಷ ಸಲಿಕೆ ಹಿಡಿದು ಆ ಕುರ್ಚಿಗೆ ಬಂದವನು ನಾನು. ಅದನ್ನು ಬಿಡುವ ಮನಸ್ಸು ನನಗೆ ಎಳ್ಳಷ್ಟೂ ಇರಲಿಲ್ಲ.

ಆದರೆ ಡಬ್ಬಿಯೊಳಗೆ ಸಣ್ಣ ಬ್ಯಾಟರಿ ಇತ್ತು. ಅದರಿಂದ ಅದರ ಕಿವಿ ಭಾಳ ಚುರುಕು, ಪಕ್ಕದ ಗೇಟಿನ ಕೂಗೂ ಕೇಳಿಸುತ್ತಿತ್ತು. ಇಬ್ಬರು ಅತ್ತೆಯರ ಮನೆಗೆ ಬಂದ ಸೊಸೆಯ ಪಾಡು ಅದರದ್ದು. ಒಮ್ಮೆ ಇಬ್ಬರಿಗೂ ಓಗೊಡುವುದು, ಒಮ್ಮೆ ಯಾರಿಗೂ ಇಲ್ಲ. ಮೊದಲನೇ ದಿನವೇ ಒಂದು ಲಾರಿ ಒಳಗೆ ಬಂದದ್ದೂ ಹೊರಗೆ ಹೋದದ್ದೂ ಒಂದೇ ನಿಮಿಷಕ್ಕೆ ದಾಖಲಾಯಿತು. ನಾನು, ಇಂಜಿನಿಯರ್, ಕೂಲಿಗಳ ಮೇಲ್ವಿಚಾರಕನಾದ ನಮ್ಮ ಮುಕಾದಮ ಮೂವರೂ ಕ್ಯಾಬಿನ್ನಿನ ಕಂಪ್ಯೂಟರ್ ಪರದೆಯ ಮೇಲೆ ಬಾಗಿ ಲಾರಿ ಎಲ್ಲಿದೆ ಎಂದು ಹುಡುಕುತ್ತಿದ್ದೆವು. ಆ ಲಾರಿಯ ಡ್ರೈವರ್ ಕಿಟಕಿಯಲ್ಲಿ ತಲೆ ಹಾಕಿದ.

“ಒಳಗ ಬಂದೇನೋ, ಹೊರಗ ಹೋಗೇನೋ, ಅಷ್ಟ ಹೇಳ್ರಿ. ಹೊರಗ ಹೋಗಿದ್ರ ಊಟ ಮಾಡಿ ಬರ್ತೇನಿ.”

ಪಂಕ್ಚರ್ ಲಾರಿಯ ಏಳು ಟ್ರಿಪ್

ನಮ್ಮ ಡ್ರೈವರುಗಳಲ್ಲಿ ಹಿರಿಯರು ವಿಜಾಪುರದ ಚಾಚಾ. ಕಂಪನಿಯ ಒಂದು ಮೊಳೆ ಕಳೆದರೂ ನಿದ್ದೆ ಮಾಡದ ಮನುಷ್ಯ. ಒಂದು ದಿನ ಅವರ ಲಾರಿ ಪಂಕ್ಚರ್ ಆಗಿ ಬೆಳಿಗ್ಗೆಯಿಂದ ಶೆಡ್ಡಿನಲ್ಲೇ ನಿಂತಿತ್ತು. ಸಂಜೆ ನೋಡಿದರೆ ಯಂತ್ರದ ಲೆಕ್ಕದಲ್ಲಿ ಅದು ಏಳು ಸಲ ಗೇಟು ದಾಟಿ ಹೊರಗೆ ಹೋಗಿದೆ. ಇದೂ ಯಂತ್ರಗಳ ಜಗಳವೇ ಎಂದು ಇಂಜಿನಿಯರ್ ಏಣಿ ಹತ್ತಿ ಕಂಬದ ಮೇಲಿನ ಆಂಟೆನಾವನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸುತ್ತಲೇ ಇದ್ದ. ಏಣಿ ಹಿಡಿದು ನನ್ನ ತೋಳು ಸೋತಿತು.

ಅಷ್ಟರಲ್ಲಿ ಚಾಚಾ ಹೊರಗಿನಿಂದ ನಡೆದು ಬಂದರು, ಯಂತ್ರ ಕುಂಯ್ ಎಂದಿತು. ಅವರ ಅಂಗಿಯ ಕಿಸೆ ಉಬ್ಬಿತ್ತು. ಕೇಳಿದರೆ, ಲಾರಿ ಬಿಚ್ಚಿ ಹಾಕಿದ ಕಡೆ ಸಾಮಾನು ಬಿಟ್ಟರೆ ಕಳುವಾಗುತ್ತದೆ, ಅದಕ್ಕೇ ಡಬ್ಬಿಯನ್ನು ಜೊತೆಯಲ್ಲೇ ಇಟ್ಟುಕೊಂಡಿದ್ದೇನೆ ಎಂದರು. ಇಂಜಿನಿಯರ್ ಏಣಿಯ ಮೇಲಿಂದಲೇ, ಅಷ್ಟು ಸಲ ಹೊರಗೆ ಏನು ಕೆಲಸ ಎಂದು ಕೇಳಿದ.

ಚಾಚಾ ತಲೆ ತಗ್ಗಿಸಿದರು. “ಎರಡ ಸಲ ಚಾಕ್ಕ ಹೋಗಿದ್ದೆ ಸಾಹೇಬ್ರ. ಉಳಿದ ಐದಕ್ಕ ನಾ ಏನ್ ಮಾಡ್ಲಿ, ನನಗ ಸಕ್ಕರಿ ಕಾಯಿಲಿ ಐತಿ.”

ಮೂವತ್ತೆರಡು ಲಾರಿ ಒಂದೇ ಕ್ಯಾಬಿನ್ನಿನಲ್ಲಿ

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಲಾರಿ ತೊಳೆಯುವುದು ನಮ್ಮವರ ದೊಡ್ಡ ಸಂಭ್ರಮ. ಪೈಪಿನ ನೀರು ಬಿದ್ದರೆ ಡಬ್ಬಿ ಕೆಟ್ಟೀತು ಎಂದು ಎಲ್ಲರೂ ಅವನ್ನು ಬಿಚ್ಚಿ ನನ್ನ ಕ್ಯಾಬಿನ್ನಿಗೆ ತಂದುಕೊಟ್ಟರು. ಅಲ್ಲಿ ದೇವಿಯ ಫೋಟೋ ಇತ್ತು. ಫೋಟೋದ ಮುಂದೆ ಜೋಡಿಸಿಟ್ಟ ಮೇಲೆ ಬರೀ ಬಿಡುವುದು ಹೇಗೆ? ಒಂದೊಂದಕ್ಕೂ ಅರಿಷಿಣ, ಕುಂಕುಮ, ಒಂದು ಚೆಂಡು ಹೂ. ಚಾಚಾ ಮಡಗಾಂವಿನಿಂದ ಪೇಢೆ ತಂದಿದ್ದರು.

ಯಂತ್ರ ಆರಿಸುವುದು ಮಾತ್ರ ನನಗೆ ಮರೆತೇ ಹೋಗಿತ್ತು. ಎಡಗಡೆಯಿಂದ ಒಂದು ಕೂಗುತ್ತಿತ್ತು, ಬಲಗಡೆಯಿಂದ ಇನ್ನೊಂದು. ನಡುವೆ ಮೂವತ್ತೆರಡು ಡಬ್ಬಿಗಳು ಒಟ್ಟಿಗೆ ಬಾಯಿ ಬಿಟ್ಟವು. ಹತ್ತೇ ನಿಮಿಷದಲ್ಲಿ ಮಡಗಾಂವ್ ಆಫೀಸಿನಿಂದ ಇಂಜಿನಿಯರ್ ಫೋನ್ ಮಾಡಿದ. ನಮ್ಮ ಗೇಟುಗಳ ಲೆಕ್ಕ ಅಲ್ಲಿಯ ಪರದೆಗೂ ಹೋಗುತ್ತಿತ್ತು. ಎಲ್ಲಾ ಲಾರಿ ಎರಡು ಗೇಟಿನ ನಡುವೆ ಸಿಕ್ಕಿಬಿದ್ದಿವೆಯಲ್ಲ, ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳಿದ. ನನ್ನ ಬಾಯಲ್ಲಿ ಪೇಢೆ ಇದ್ದದ್ದರಿಂದ ಮುಕಾದಮ ಫೋನ್ ಕಸಿದುಕೊಂಡ.

“ಏನೂ ಆಗಿಲ್ರಿ. ಎಲ್ಲಾ ದೇವಿ ಮುಂದ ಕುಂತಾವು. ಮಂಗಳಾರತಿ ಆದ ಕೂಡ್ಲೆ ಏಳ್ತಾವು.”

ನಳದ ಪಾಳಿ

ಎರಡು ತಿಂಗಳು ಕಳೆದವು. ಇಂಜಿನಿಯರ್ ಯಂತ್ರಗಳ ದನಿ ತಗ್ಗಿಸಿ ನೋಡಿದ, ನಡುವೆ ತಗಡು ನಿಲ್ಲಿಸಿ ನೋಡಿದ. ಜಗಳ ಕಡಿಮೆಯಾಯಿತು, ನಿಲ್ಲಲಿಲ್ಲ. ನನಗೆ ಸಲಿಕೆ ಕನಸಿನಲ್ಲಿ ಬರತೊಡಗಿತು. ಒಂದು ಭಾನುವಾರ ಅವನನ್ನು ಮಡಗಾಂವಿನ ಮೋತಿ ಡೊಂಗರ್‌ನ ನಮ್ಮ ಮನೆಗೆ ರೊಟ್ಟಿ ಊಟಕ್ಕೆ ಕರೆದೆ. ಊಟದುದ್ದಕ್ಕೂ ಅದೇ ಗೋಳು. ಕೇಳಿ ಕೇಳಿ ಬೇಸತ್ತ ನನ್ನ ಹೆಂಡತಿ ಬಾಯಿ ಬಿಟ್ಟಳು.

“ನಮ್ಮ ಓಣ್ಯಾಗ ಎರಡ ನಳ ಅದಾವ್ರಿ, ಪೈಪ್ ಒಂದ. ಎರಡೂ ಒಮ್ಮೆ ಬಿಟ್ರ ಯಾರಿಗೂ ನೀರಿಲ್ಲ. ಅದಕ್ಕ ಪಾಳಿ ಹಚ್ಚೇವಿ. ಅದು ಬಿಟ್ಟಾಗ ಇದು ಬಂದ್, ಇದು ಬಿಟ್ಟಾಗ ಅದು ಬಂದ್.”

ಇಂಜಿನಿಯರ್ ರೊಟ್ಟಿ ಕೈಯಲ್ಲೇ ಹಿಡಿದು ಕುಳಿತ. ಒಂದು ಯಂತ್ರ ಕೂಗುವಾಗ ಇನ್ನೊಂದು ಸುಮ್ಮನಿರಬೇಕು, ಕ್ಷಣಕ್ಕೊಂದು ಪಾಳಿ. ಅವನು ಓದಿದ್ದ ಪುಸ್ತಕದಲ್ಲೂ ಅದು ಇತ್ತಂತೆ, ಮರೆತಿದ್ದನಂತೆ. ಕಿಸೆಯಿಂದ ಚೀಟಿ ತೆಗೆದು ಬರೆದುಕೊಳ್ಳುತ್ತಾ, ಪಾಳಿ ಮುಗಿದರೂ ಒಂದು ಸುಮ್ಮನಾಗದಿದ್ದರೆ ಏನು ಮಾಡುತ್ತೀರಿ ಎಂದು ಬಹಳ ಮರ್ಯಾದೆಯಿಂದ ಕೇಳಿದ.

“ಕೊಡ ಎತ್ತಿ ಒಗೀತೇವ್ರಿ” ಎಂದಳು. ಅವನು ಅದನ್ನೂ ಬರೆದುಕೊಂಡ.

ದೊಡ್ಡ ಸಾಹೇಬರ ಪರೀಕ್ಷೆ

ಯಂತ್ರಗಳಿಗೂ ಪಾಳಿ ಹಚ್ಚಿಯಾಯಿತು. ಮೂರು ತಿಂಗಳ ಕಡೆಯ ದಿನ ಕಂಪನಿಯ ದೊಡ್ಡ ಸಾಹೇಬರು ಬಂದು ಕ್ಯಾಬಿನ್ನಿನಲ್ಲಿ ಕುಳಿತರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಎರಡು ಲಾರಿ ಎರಡು ಗೇಟಿಗೆ ಒಂದೇ ಹೊತ್ತಿಗೆ ಬರಬೇಕು, ಆದರೂ ಯಂತ್ರ ತಪ್ಪಬಾರದು. ಇದೇ ಪರೀಕ್ಷೆ. ಕೈ ಗಟ್ಟಿ ಇರುವ ಇಬ್ಬರು ಡ್ರೈವರುಗಳನ್ನು ನಾನೇ ಆರಿಸಿದ್ದೆ, ಇಬ್ಬರೂ ಬಾಗಲಕೋಟೆ ಕಡೆಯವರು. ಹಿಂದಿನ ದಿನವಷ್ಟೇ ಒಬ್ಬನ ಮಗಳನ್ನು ಇನ್ನೊಬ್ಬನ ಮಗನಿಗೆ ಗೊತ್ತು ಮಾಡಿದ್ದರೆಂಬುದು ನನಗೆ ತಿಳಿದಿರಲಿಲ್ಲ.

ಲಾರಿಗಳು ಬಂದವು. ಹುಡುಗಿಯ ಅಪ್ಪ ಪಕ್ಕದ ಗೇಟಿನಲ್ಲಿ ಬೀಗರನ್ನು ಕಂಡ. ಕಂಡವನೇ ಗೇಟಿನಿಂದ ಇಪ್ಪತ್ತು ಮಾರು ದೂರದಲ್ಲೇ ಬ್ರೇಕ್ ಒತ್ತಿ ಕೈ ಮುಗಿದ.

“ಮೊದ್ಲ ನೀವ್ ನಡೀರಿ ಬೀಗರ.”

“ಛೇ ಛೇ, ಹೆಣ್ಣ ಕೊಟ್ಟವ್ರು ನೀವು. ನಿಮ್ಮನ್ನ ದಾಟಿ ನಾ ಹೆಂಗ ಹೋಗ್ಲಿ” ಎಂದು ಅವನೂ ಅಷ್ಟೇ ದೂರದಲ್ಲಿ ನಿಂತ.

ಇಬ್ಬರೂ ಎಂಜಿನ್ ಆರಿಸಿ ಕೆಳಗಿಳಿದರು. ನಾನು ಕಿಟಕಿಯಿಂದ ಎರಡೂ ಕೈ ಬೀಸಿ ಒಟ್ಟಿಗೆ ಬನ್ನಿ ಎಂದು ಸನ್ನೆ ಮಾಡಿದೆ. ಅವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹಿಂದೆ ನಿಂತ ಲಾರಿಗಳು ಹಾರ್ನ್ ಹೊಡೆದವು. ಬೀಗರು ಅದಕ್ಕೆ ಜಗ್ಗದೆ ಎಲೆ ಅಡಿಕೆ ಚೀಲ ಬಿಚ್ಚಿದರು. ನನ್ನ ಕುರ್ಚಿ ಹೋಯಿತು ಎಂದುಕೊಂಡೆ.

ಸಾಹೇಬರು ಕಾಲು ಗಂಟೆ ಪರದೆಯನ್ನೊಮ್ಮೆ, ಕಿಟಕಿಯಾಚೆ ನಿಂತ ಲಾರಿಗಳನ್ನೊಮ್ಮೆ ನೋಡಿದರು. ನಂತರ ಎಷ್ಟು ತಪ್ಪಾಯಿತು ಎಂದು ಕೇಳಿದರು. ಇಂಜಿನಿಯರ್ ಒಂದೂ ಇಲ್ಲ ಎಂದ. ಅದು ಖರೆಯೇ ಆಗಿತ್ತು, ಗೇಟಿನ ಹತ್ತಿರಕ್ಕೆ ಒಂದು ಲಾರಿಯೂ ಬಂದಿರಲಿಲ್ಲ. ಸಾಹೇಬರು ಎದ್ದು ಕಾಗದಕ್ಕೆ ಸಹಿ ಹಾಕಿದರು, ನನ್ನ ಕೈ ಕುಲುಕಿದರು. ಯಂತ್ರ ಸರಿ, ಆದರೆ ಒಬ್ಬರಿಗೊಬ್ಬರು ದಾರಿ ಬಿಟ್ಟು ನಿಲ್ಲುವ ನಿನ್ನ ಡ್ರೈವರುಗಳ ಶಿಸ್ತು ಅದಕ್ಕಿಂತ ಮೇಲು ಎಂದರು. ಉಳಿದ ಮೂವತ್ತು ಮಂದಿಗೂ ಒಂದು ತಿಂಗಳೊಳಗೆ ಇದೇ ತರಬೇತಿ ಆಗಬೇಕೆಂದು ಅಲ್ಲೇ ಆರ್ಡರ್ ಬರೆದು ಮುಕಾದಮನ ಕೈಗೆ ಕೊಟ್ಟು ಹೋದರು.

ಮುಕಾದಮ ಅದನ್ನು ಎರಡು ಸಲ ಓದಿಸಿಕೊಂಡು ಕೇಳಿದ. ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡ.

“ಒಂದ ತಿಂಗಳದಾಗ ಹದಿನೈದ ಮದಿವಿ ಹೆಂಗ ಮಾಡೂದೋ ಮಾರಾಯ?”