ಬೆನ್ನು ತಿರುಗಿಸಿ ನಿಂತವನು

ನಾಳೆರಾಯರ ನೆಮ್ಮದಿ ಕೆಡಿಸಿದ್ದು ಕಪ್ಪು ಬಣ್ಣ. ಮನೆಯ ಹಳೇ ಟಿವಿ ಕೆಟ್ಟು ಕೂತಾಗ ಹೊಸದು ತರೋಣ ಅಂತ ಅಂಗಡಿಗೆ ಹೋದರು. ಅಲ್ಲಿದ್ದ ಮಾರಾಟದವನು ಸುಮ್ಮನೆ ಒಂದು ಡಬ್ಬ ಕಟ್ಟಿ ಕಳಿಸಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆ ಪುಣ್ಯಾತ್ಮ ಬಾಯಿ ಬಿಟ್ಟ.

"ಸಾರ್, ಇಷ್ಟು ವರ್ಷ ನೀವು ಕಪ್ಪು ಅಂತ ನೋಡ್ತಿದ್ದದ್ದು ಕಪ್ಪೇ ಅಲ್ಲ, ಬೂದಿ ಬಣ್ಣ," ಅಂದ.

ಎಲ್‌ಸಿಡಿಯಲ್ಲಿ ಪರದೆಯ ಹಿಂದೆ ಸದಾ ದೀಪ ಉರಿಯುತ್ತದಂತೆ, ಬೆಳಕು ಸೋರುತ್ತದಂತೆ. ಓಎಲ್‌ಇಡಿಯಲ್ಲಿ ಒಂದೊಂದು ಚುಕ್ಕೆಯೂ ತಾನೇ ಉರಿದು ತಾನೇ ಆರುತ್ತದಂತೆ, ಹಾಗಾಗಿ ಅಲ್ಲಿ ಕಪ್ಪು ಅಂದರೆ ಕಪ್ಪೇ. ಕ್ಯೂಎಲ್‌ಇಡಿ ಹಗಲು ಹೊತ್ತಿನಲ್ಲಿ ಚೆನ್ನಾಗಿ ಬೆಳಗುತ್ತದಂತೆ, ಆದರೆ. ಆ 'ಆದರೆ'ಯಲ್ಲಿ ರಾಯರು ಸಿಕ್ಕಿಹಾಕಿಕೊಂಡು ಒಂದು ವರ್ಷವಾಯಿತು.

ಅವರಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಸಂಜೆ ಮನೆಗೆ ಬಂದು, ಮೊಣಕಾಲು ಮುಟ್ಟುವ ಬಿಳಿ ಕೋಟನ್ನೂ ಬಿಚ್ಚದೆ, ನಿಂತುಕೊಂಡೇ ಕಾಫಿ ಕುಡಿದು ಟಿವಿ ಅಂಗಡಿಗೆ ಹೊರಟುಬಿಡುತ್ತಿದ್ದರು. ಎಡಗೈಯಲ್ಲಿ ಚೀಲ, ಚೀಲದ ತುಂಬ ಜಗತ್ತಿನ ಟಿವಿಗಳ ಕರಪತ್ರ. ಅಂಗಡಿಯ ನಡುಮಧ್ಯೆ, ಎರಡು ಪರದೆಗಳ ನಡುವೆ, ತಲೆ ವಾರೆ ಮಾಡಿಕೊಂಡು ಬಾಗಿಲು ಹಾಕುವವರೆಗೂ ನಿಲ್ಲುವುದು. "ಯಾವುದು ಸಾರ್?" ಅಂತ ಕೇಳಿದರೆ "ನಾಳೆ ಬಂದು ಹೇಳ್ತೀನಿ" ಅನ್ನುವುದು. ಅಂಗಡಿಯವರು ಹುಟ್ಟಿದ ಹೆಸರು ಮರೆತು ನಾಳೆರಾಯರು ಅಂತ ಕರೆದರು. ಅದೇ ಗಟ್ಟಿಯಾಯಿತು.

ಇತ್ತ ಮನೆಯಲ್ಲಿ ಅವರ ಅಮ್ಮ ಸಂಜೆಯಿಡೀ ಟಿವಿ ಇದ್ದ ಗೋಡೆ ನೋಡಿಕೊಂಡು ಕೂರುತ್ತಿದ್ದರು. ಮಂಡಿ ನೋವಿನವರು, ಎಲ್ಲೂ ಹೋಗುವಂತಿಲ್ಲ. "ಯಾವುದೋ ಒಂದು ತಾರೋ," ಅನ್ನುತ್ತಿದ್ದರು. "ನನಗೆ ಅಷ್ಟು ಕಪ್ಪು ಯಾಕೆ? ಕಣ್ಣು ಮುಚ್ಚಿದ್ರೆ ಬೇಕಾದಷ್ಟು ಸಿಗುತ್ತೆ."

ಕೊನೆಗೆ ಒಂದು ಶನಿವಾರ ಅಂಗಡಿಯ ಮ್ಯಾನೇಜರೇ ಸೋತು, ತನ್ನ ಕೋಣೆಯಲ್ಲಿದ್ದ ಓಎಲ್‌ಇಡಿಯನ್ನು ಹೊರಗೆ ತಂದಿಟ್ಟ. "ನಾನೇ ಬಳಸಿದ್ದು ಸಾರ್. ಅರ್ಧ ಬೆಲೆ. ಆದ್ರೆ ನಾಳೆ ಅನ್ನೋ ಹಾಗಿಲ್ಲ." ನಕ್ಷತ್ರ ತುಂಬಿದ ಆಕಾಶದ ಚಿತ್ರ ಹಾಕಿ ತೋರಿಸಿದ. ಬಾವಿಯೊಳಗೆ ಬಗ್ಗಿ ನೋಡಿದಂಥ ಕಪ್ಪು. ರಾಯರಿಗೆ ಮೈಯೆಲ್ಲ ಝುಮ್ಮೆಂದಿತು. ಅವತ್ತೇ ಅದು ಮನೆಯ ಗೋಡೆ ಸೇರಿತು.

ಭಾನುವಾರ ಬೆಳಗ್ಗೆ ಅಮ್ಮ ಸೋಫಾದಲ್ಲಿ ಕಾಲು ನೀಡಿ ಕೂತು, ವರ್ಷದ ಉಪವಾಸ ಬಿಡುವವರ ಹಾಗೆ ಪರದೆ ನೋಡಿದರು. ಯಾವುದೋ ಹಿಮದ ಬೆಟ್ಟ, ಎಲ್ಲಿ ನೋಡಿದರೂ ಬಿಳಿ.

"ಯಾರೋ ಅದು ಅಲ್ಲಿ ನಿಂತಿರೋದು?" ಅಂದರು ಅಮ್ಮ.

"ಎಲ್ಲಮ್ಮ?"

"ಮಧ್ಯದಲ್ಲಿ. ಬೆನ್ನು ತಿರುಗಿಸ್ಕೊಂಡು."

ರಾಯರು ಕನ್ನಡಕ ಒರೆಸಿಕೊಂಡು ನೋಡಿದರು. ಹಿಮದ ನಡುವೆ ಒಬ್ಬ ನಿಂತಿದ್ದ. ಮಸಕು ಮಸಕು, ಹೊಗೆ ಹಿಡಿದ ಗಾಜಿನ ಮೇಲೆ ಬೆರಳಾಡಿಸಿ ಬರೆದ ಹಾಗೆ. ಮೇಲೆಲ್ಲೋ ಕೂತು ಅವನನ್ನು ನೋಡಿದಂತಿತ್ತು. ಉದ್ದನೆಯ ಕಪ್ಪು ನಿಲುವಂಗಿ, ಒಂದು ಕೈಯಲ್ಲಿ ತೂಗುವ ಏನೋ ಭಾರ, ವಾರೆಯಾದ ತಲೆ. ಅವನ ಮುಂದೆ ಸಾಲು ಸಾಲು ಕಿಟಕಿಗಳು, ಒಂದರೊಳಗೂ ಯಾರೂ ಇಲ್ಲ. ಬೆಟ್ಟ ಹೋಗಿ ಮೋಡ ಬಂತು. ಅವನು ಕದಲಲಿಲ್ಲ.

ರಾಯರು ಚಾನೆಲ್ ಬದಲಿಸಿದರು. ಅಡುಗೆಯವಳು ಕಲಸುತ್ತಿದ್ದ ಹಿಟ್ಟಿನ ಮೇಲೆ ನಿಂತಿದ್ದ. ಜಾಹೀರಾತಿನ ಹುಡುಗಿ ಹಲ್ಲು ಬಿಟ್ಟರೆ ಹಲ್ಲಿನ ಮುಂದೆ ನಿಂತಿದ್ದ. ಕತ್ತಲೆಯ ದೃಶ್ಯ ಬಂದರೆ ಮಾಯ, ಬೆಳಕಾದರೆ ಮತ್ತೆ ಅದೇ ಜಾಗದಲ್ಲಿ ಹಾಜರು. ಕತ್ತಲಲ್ಲಿ ಕಾಣುವ ದೆವ್ವವನ್ನಾದರೆ ದೀಪ ಹಾಕಿ ಓಡಿಸಬಹುದು. ಬೆಳಕಲ್ಲೇ ಕಾಣುವುದನ್ನು ಏನು ಹಾಕಿ ಓಡಿಸುವುದು?

"ಹೆದರ್ಕೋಬೇಡಮ್ಮ," ಅಂದರು ರಾಯರು. "ಇದಕ್ಕೆ ಬರ್ನ್-ಇನ್ ಅಂತಾರೆ. ಒಂದೇ ಚಿತ್ರ ಬಹಳ ಕಾಲ ಒಂದೇ ಕಡೆ ಇದ್ರೆ ಓಎಲ್‌ಇಡಿಯಲ್ಲಿ ಅದರ ಕಲೆ ಉಳಿಯುತ್ತೆ. ಚಾನೆಲ್ ಲಾಂಛನ ಎಲ್ಲ ಹಾಗೇ ಉಳಿಯೋದು."

"ಹಾಗಾದ್ರೆ ಇವನು ಯಾವ ಚಾನೆಲ್ಲು?"

ಅಮ್ಮ ಸೆರಗು ಹೊದ್ದುಕೊಂಡು ನಿಧಾನವಾಗಿ ಹೇಳಿದರು. "ಕಲೆ ಉಳಿಯೋವಷ್ಟು ಕಾಲ ಒಬ್ಬ ಮನುಷ್ಯ ಅಲ್ಲಾಡದೆ ಒಂದೇ ಜಾಗದಲ್ಲಿ ನಿಂತಿದ್ದ ಅಂದ್ರೆ, ಅವನು ಬದುಕಿರೋನಂತೂ ಅಲ್ಲ."

ಇದಕ್ಕೆ ರಾಯರ ಯಾವ ಕರಪತ್ರದಲ್ಲೂ ಸಮಾಧಾನವಿರಲಿಲ್ಲ. ಅಡುಗೆಮನೆಯಿಂದ ಹೆಂಡತಿ ಕಾಫಿ ತಂದಳು. ಪರದೆಯನ್ನು ಬಹಳ ಹೊತ್ತು ನೋಡಿದಳು. ಗಂಡನನ್ನು ಒಂದು ಸಲ ನೋಡಿದಳು. ಲೋಟ ಇಟ್ಟು ಒಳಗೆ ಹೋದಳು. ಇವಳಿಗೆ ಭಯವೇ ಇಲ್ಲವಲ್ಲ ಅಂತ ರಾಯರಿಗೆ ಇನ್ನಷ್ಟು ಭಯವಾಯಿತು.

ಸುದ್ದಿ ಮೆಟ್ಟಿಲು ಹತ್ತಿ ಇಳಿಯಲು ಎಷ್ಟು ಹೊತ್ತು ಬೇಕು? ಮೇಲಿನ ಮನೆಯ ನಿವೃತ್ತ ಪೋಸ್ಟ್‌ಮಾಸ್ತರರು ಮೊದಲು ಬಂದರು. ಅವರ ಹಿಂದೆ, ಕತ್ತಿನಲ್ಲಿ ಟೇಪು ನೇತುಹಾಕಿಕೊಂಡೇ, ಎದುರು ಮನೆಯ ಟೈಲರಮ್ಮ. ಇಬ್ಬರೂ ಬಂದದ್ದು ಧೈರ್ಯ ಹೇಳುವುದಕ್ಕೆ.

ಟೈಲರಮ್ಮ ಪರದೆಯ ಹತ್ತಿರ ಹೋಗಿ ಟೇಪು ಹಿಡಿದಳು. "ಒಂದು ಹೆಗಲು ಇಳಿದಿದೆ ನೋಡಿ. ಈ ಹೆಗಲಿಗೆ ನಾನು ಬಟ್ಟೆ ಹೊಲಿದಿದ್ದೀನಿ. ಕೈಗೆ ನೆನಪಿದೆ, ತಲೆಗೆ ಬರ್ತಾ ಇಲ್ಲ."

"ನೆನಪು ಮಾಡ್ಕೊಳ್ಳಮ್ಮ," ಅಂದರು ಪೋಸ್ಟ್‌ಮಾಸ್ತರರು, ಸೋಫಾದ ಹಿಂದಿನಿಂದ.

"ಬೀದಿ ತುದಿಯ ಗಡಿಯಾರ ರಿಪೇರಿಯವರು," ಅಂದಳು ಅವಳು. ತಾನು ಹೇಳಿದ್ದಕ್ಕೆ ತಾನೇ ಹಿಂದೆ ಸರಿದಳು. "ಅವರೂ ಹೀಗೇ ವಾರೆ ನಿಲ್ತಿದ್ರು. ಹೋದ ವರ್ಷ ತೀರ್ಕೊಂಡ್ರಲ್ಲ."

ಆಮೇಲೆ ಪೋಸ್ಟ್‌ಮಾಸ್ತರರು ಸೋಫಾ ಸುತ್ತಿ ಮುಂದೆ ಬಂದು, ಕೈ ಮುಗಿಯಬೇಕೋ ಬೇಡವೋ ಗೊತ್ತಾಗದೆ ಅರ್ಧ ಮುಗಿದು, "ಸ್ವಾಮಿ, ನನ್ನ ಗೋಡೆ ಗಡಿಯಾರ ನಿಮ್ಮ ಹತ್ರಾನೇ ಉಳಿದುಬಿಡ್ತು. ಅದು ಏನಾಯ್ತು?" ಅಂದರು.

ಪರದೆ ಫಕ್ಕನೆ ಕಪ್ಪಾಯಿತು. ಬಾವಿಯ ಕಪ್ಪು. ಅದರೊಳಗೆ ಈ ನಾಲ್ವರ ಮುಖ ಬಿಳಿಚಿಕೊಂಡು ತೇಲುತ್ತಿತ್ತು. ಜಾಹೀರಾತಿಗೂ ಜಾಹೀರಾತಿಗೂ ನಡುವೆ ಹಾಗೆ ಆಗುತ್ತದೆ ಅಂತ ರಾಯರಿಗೆ ಗೊತ್ತಿತ್ತು. ಆದರೂ ಅವರ ಕೈ ತಾನಾಗಿ ಅಮ್ಮನ ಕೈ ಹುಡುಕಿತು. ಬೆಳಕು ವಾಪಸು ಬಂದಾಗ ಅವನು ಅಲ್ಲೇ ಇದ್ದ.

"ತಲೆ ಸ್ವಲ್ಪ ತಿರುಗಿದೆ," ಅಂದಳು ಟೈಲರಮ್ಮ, ಪಿಸುದನಿಯಲ್ಲಿ. "ಆಗ ಕಿವಿ ಕಾಣ್ತಿರಲಿಲ್ಲ."

ಹೌದು ಅಂದರು ಎಲ್ಲರೂ. ಒಮ್ಮೆ ಹೇಳಿದ ಮೇಲೆ ಕಿವಿ ಕಾಣದಿರುವುದು ಕಷ್ಟ.

"ಇವನು ತಿರುಗೋಕೆ ಕಾಯ್ತಿದ್ದಾನೆ," ಅಂದರು ಪೋಸ್ಟ್‌ಮಾಸ್ತರರು. "ಪೂರ್ತಿ ತಿರುಗಿದಾಗ ಯಾರ ಮುಖ ಕಾಣುತ್ತೋ ಅವರ ಚೀಟಿ ಹರೀತು ಅಂತ ತಿಳ್ಕೊಳ್ಳಿ." ಇಷ್ಟು ಧೈರ್ಯ ಹೇಳಿ ಅವರು ಮೆಟ್ಟಿಲು ಹತ್ತಿದರು. ಟೈಲರಮ್ಮ ಟೇಪನ್ನು ಮುಟ್ಟಲೂ ಹೆದರಿ ಅಲ್ಲೇ ಬಿಟ್ಟುಹೋದಳು.

ರಾಯರು ಟಿವಿಯನ್ನು ಆರಿಸಿ, ಮೇಲೆ ಹಾಸಿಗೆಯ ಬಿಳಿ ಹೊದಿಕೆ ಹೊದಿಸಿದರು. ಈಗ ಅದು ಗೋಡೆಯ ಮೇಲೆ ಯಾರನ್ನೋ ಮಲಗಿಸಿ ಮುಸುಕು ಎಳೆದ ಹಾಗೆ ಕಂಡಿತು. ಫ್ಯಾನಿನ ಗಾಳಿಗೆ ಮುಸುಕು ಆಗಾಗ ಉಸಿರಾಡುತ್ತಿತ್ತು.

ಅಮ್ಮ ಕೋಣೆಯಲ್ಲಿ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದರು.

"ಸಂಜೆಯೊಳಗೆ ಅದು ಹೋಗ್ಬೇಕು. ಇಲ್ಲ ಅಂದ್ರೆ ನಾನು ನಿನ್ನ ತಮ್ಮನ ಮನೆಗೆ ಹೋಗ್ತೀನಿ. ಅವನಿಗೆ ಫೋನ್ ಮಾಡಿ ಆಯ್ತು. ಅವನದು ಬೂದಿ ಬಣ್ಣದ ಟಿವಿಯೇ ಇರಲಿ, ಅದರಲ್ಲಿ ಯಾರೂ ನಿಂತಿಲ್ಲ."

"ಅಮ್ಮ, ನಾಳೆ..."

"ನಾಳೆ ಅನ್ಬೇಡ."

ಟಿವಿ ಹಾಳಾಗಿ ಹೋಗಲಿ. ಸಂಜೆ ಬಾಗಿಲು ತೆಗೆದರೆ ಸೋಫಾದಲ್ಲಿ ಅಮ್ಮ ಇಲ್ಲದ ಮನೆಯನ್ನು ನೆನೆಸಿಕೊಳ್ಳಲು ರಾಯರಿಂದ ಆಗಲಿಲ್ಲ. ಎದ್ದು ಹೊರಟರು. ಟಿವಿ ಅಂಗಡಿ ಅಂದಕೂಡಲೇ ಕೈಗಳು ರಜೆಯ ದಿನವೂ ಬಿಳಿ ಕೋಟು ಹಾಕಿಕೊಂಡವು, ಕರಪತ್ರದ ಚೀಲ ಹಿಡಿದವು. "ನಾನೂ ಬರ್ತೀನಿ," ಅಂದಳು ಹೆಂಡತಿ. ವರ್ಷದಲ್ಲಿ ಒಂದು ದಿನವೂ ಅವಳು ಹಾಗೆ ಅಂದಿರಲಿಲ್ಲ.

ಮ್ಯಾನೇಜರ್ ಊಟಕ್ಕೆ ಹೋಗಿದ್ದ. ಭಾನುವಾರದ ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗಳೇ ಇಲ್ಲ. ಗೋಡೆ ತುಂಬ ಪರದೆಗಳು ಸದ್ದಿಲ್ಲದೆ ಹೂವು, ಮೀನು, ಜಲಪಾತ ತೋರಿಸುತ್ತಿದ್ದವು. ಹೆಂಡತಿ ಹಿಂದೆ ಕಂಬದ ಪಕ್ಕದ ಕುರ್ಚಿಯಲ್ಲಿ ಕೂತಳು. ರಾಯರ ಕಾಲುಗಳು ಯಾರೂ ಹೇಳದೆ ತಮ್ಮ ಜಾಗಕ್ಕೆ ಹೋಗಿ ನಿಂತವು. ತಲೆ ವಾರೆಯಾಯಿತು.

ಮೂಲೆಯ ಒಂದು ಪರದೆಯಲ್ಲಿ ಹೂವಿರಲಿಲ್ಲ. ಉದ್ದನೆಯ ಹಜಾರ, ಮೇಲಿನಿಂದ ಕಂಡಂತೆ. ಸಾಲು ಸಾಲು ಬೆಳಗುವ ಕಿಟಕಿಗಳು. ನಡುವೆ ಒಬ್ಬ, ಬೆನ್ನು ತಿರುಗಿಸಿ ನಿಂತಿದ್ದ. ಒಂದು ಹೆಗಲು ಇಳಿದಿತ್ತು. ಮನೆಯಲ್ಲಿ ಮಸಕಾಗಿದ್ದವನು ಇಲ್ಲಿ ಸ್ಪಷ್ಟವಾಗಿದ್ದ, ಕಪ್ಪಗಿದ್ದವನು ಇಲ್ಲಿ ಬೆಳ್ಳಗಿದ್ದ.

"ನೋಡೇ," ಅಂದರು ರಾಯರು. "ಇಲ್ಲಿಗೂ ಬಂದಿದ್ದಾನೆ."

"ಹೌದು. ಬಂದಿದ್ದಾನೆ."

ರಾಯರ ಕುತ್ತಿಗೆಯ ಹಿಂದೆ ಬೆವರು ಇಳಿಯಿತು. ಕೈ ಎತ್ತಿ ಒರೆಸಿಕೊಂಡರು. ಅವನೂ ಒರೆಸಿಕೊಂಡ. ಇವರು ಒಂದು ಹೆಜ್ಜೆ ಹಿಂದೆ ಸರಿದರು. ಅವನೂ ಸರಿದ. ಕಿಟಕಿಗಳಿಂದ ದೂರ, ಇವರ ಕಡೆಗೆ.

"ತಿರುಗ್ತಾನೆ ಕಣೇ ಈಗ. ತಿರುಗಬೇಡ ಅನ್ನೇ ಅವನಿಗೆ."

"ನೀವು ತಿರುಗಿ," ಅಂದಳು ಹೆಂಡತಿ.

ರಾಯರು ತಿರುಗಿದರು. ಹೆಂಡತಿಯನ್ನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ಸೂರಿನ ಮೂಲೆಯಲ್ಲಿ ಒಂದು ಸಣ್ಣ ಕ್ಯಾಮೆರಾ, ಅದರ ಕೆಂಪು ಚುಕ್ಕೆ ಇವರನ್ನೇ ನೋಡುತ್ತಿತ್ತು. ಹೆಂಡತಿ ಇವರ ಹೆಗಲ ಮೇಲಿಂದ ಮೂಲೆಯ ಪರದೆ ನೋಡುತ್ತಾ ಹೇಳಿದಳು. "ಈಗ ತಿರುಗಿದ. ಮುಖ ಚೆನ್ನಾಗಿ ಕಾಣ್ತಿದೆ. ಕ್ಷೌರ ಮಾಡ್ಕೋಬೇಕಿತ್ತು."

ಊಟ ಮುಗಿಸಿ ಬಂದ ಮ್ಯಾನೇಜರ್‌ಗೆ ಎಲ್ಲ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ನಿಮಗೆ ಮಾರಿದ ಟಿವಿ ನನ್ನ ಕೋಣೇಲಿ ಈ ಕ್ಯಾಮೆರಾಕ್ಕೇ ಹಾಕಿದ್ದದ್ದು ಸಾರ್. ಅದು ಹೋದ್ಮೇಲೆ ಸದ್ಯಕ್ಕೆ ಕ್ಯಾಮೆರಾನ ಈ ಮೂಲೆಯ ಟಿವಿಗೆ ಹಾಕಿದ್ದೀವಿ. ಬೆಳ್ಳಗಿರೋ ಕಡೆ ಚುಕ್ಕೆ ಬೇಗ ಸವೆದು ಕಪ್ಪಾಗುತ್ತೆ. ನಿಮ್ಮ ಕೋಟು ಬಿಳಿ."

"ಹಾಗಾದ್ರೆ ವಾಪಸ್ ತಗೊಳ್ಳಿ."

"ಗಿರಾಕಿಯಿಂದಾದ ಹಾನಿಗೆ ವಾಪಸ್ ಇಲ್ಲ ಸಾರ್."

"ಆಗ ಅದು ನಿಮ್ಮ ಟಿವಿ ಕಣ್ರೀ."

"ಅದನ್ನೇ ಹೇಳ್ತಿರೋದು. ನನ್ನ ಟಿವಿ ಹಾಳು ಮಾಡಿದ್ದು ನೀವು. ನಾನು ಬಾಯಿ ಮುಚ್ಕೊಂಡು ಅರ್ಧ ಬೆಲೆಗೆ ಕೊಟ್ಟೆ."

ರಾಯರು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. ಹೆಂಡತಿಯೂ ಪಕ್ಕದಲ್ಲಿ ಕೂತಳು.

"ನಿನಗೆ ಬೆಳಗ್ಗೇನೇ ಗೊತ್ತಿತ್ತು ಅಲ್ವಾ?"

"ಟಿವಿಯೊಳಗೆ ಹೇಗೆ ಹೋದ್ರಿ ಅಂತ ಗೊತ್ತಿರಲಿಲ್ಲ. ಯಾರು ಅಂತ ಗೊತ್ತಿತ್ತು," ಅಂದಳು ಅವಳು. "ನಿಮ್ಮ ಮುಖ ಎದುರಿಗೆ ಬಂದ್ರೆ ಒಂದು ಕ್ಷಣ ಯೋಚಿಸ್ತೀನೇನೋ. ಬೆನ್ನು ಮಾತ್ರ ಚೆನ್ನಾಗಿ ಗೊತ್ತು. ಒಂದು ವರ್ಷದಿಂದ ದಿನಾ ಸಂಜೆ ಬಾಗಿಲಲ್ಲಿ ನಿಂತು ನೋಡ್ತಿರೋದು ಅದನ್ನೇ ಅಲ್ವಾ?"

ಅವಳು ಜೋರು ಮಾಡಿದ್ದರೆ ರಾಯರು ಜಗಳವಾಡಬಹುದಿತ್ತು. ಅವಳು ಮೆಲ್ಲಗೆ ಹೇಳಿದಳು. ಅವರಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ಕರಪತ್ರದ ಚೀಲವನ್ನು ಅಲ್ಲೇ ಮೆಟ್ಟಿಲ ಮೇಲೆ ಬಿಟ್ಟು ಮನೆಗೆ ಬಂದರು.

ತಮ್ಮ ಆಗಲೇ ಬಂದು, ಅಮ್ಮನ ಚೀಲ ಬಾಗಿಲಿಗೆ ತಂದಿಟ್ಟಿದ್ದ. ರಾಯರು ಮುಸುಕು ತೆಗೆದು, ಟಿವಿ ಹಾಕಿ, ತಲೆ ತಗ್ಗಿಸಿಕೊಂಡು ನಡೆದದ್ದೆಲ್ಲ ಹೇಳಿದರು. ಅಮ್ಮ ಕುಂಟುತ್ತಾ ಪರದೆಯ ಹತ್ತಿರ ಹೋದರು.

"ಇದು ನೀನೇನಾ?"

"ಹೂಂ ಅಮ್ಮ."

"ದಿನಾ ಸಂಜೆ ಹೀಗೇ ನಿಂತಿರ್ತಿದ್ದೆಯಾ? ನಾನಿಲ್ಲಿ ಗೋಡೆ ನೋಡ್ಕೊಂಡು ಕೂತಿರೋವಾಗ?"

ಅಮ್ಮ ಪರದೆಯ ಮೇಲಿನ ಆ ಇಳಿದ ಹೆಗಲನ್ನು ಬೆರಳಿನಿಂದ ಸವರಿದರು. ಆಮೇಲೆ ಚಿಕ್ಕ ಮಗನ ಕಡೆ ತಿರುಗಿ, "ಚೀಲ ಒಳಗಿಡೋ," ಅಂದರು. "ಇರಲಿ ಬಿಡು. ಇವನಾದ್ರೂ ಸಂಜೆ ಹೊತ್ತು ಮನೇಲಿರ್ತಾನೆ."

ಅವತ್ತಿನಿಂದ ರಾಯರು ಸಂಜೆ ಎಲ್ಲೂ ಹೋಗುವುದಿಲ್ಲ. ಕೋಟು ಬಿಚ್ಚಿಟ್ಟು ಅಮ್ಮನ ಪಕ್ಕ ಕೂರುತ್ತಾರೆ. ಆದರೆ ಅವರನ್ನು ಕೇಳುವವರು ಯಾರು? ಟೈಲರಮ್ಮ ಬರುತ್ತಾಳೆ, ಪೋಸ್ಟ್‌ಮಾಸ್ತರರು ಬರುತ್ತಾರೆ, ಎಲ್ಲರ ಮಾತೂ ಪರದೆಯಲ್ಲಿ ನಿಂತವನ ಜೊತೆಗೇ. ನೋಡುತ್ತಿರುವ ಕತೆ ಕುತೂಹಲಕ್ಕೆ ಬಂದಾಗ "ಸ್ವಲ್ಪ ಪಕ್ಕಕ್ಕೆ ಸರಿಯಪ್ಪ," ಅನ್ನುತ್ತಾರೆ ಅಮ್ಮ, ಅವನಿಗೆ. ಅವನು ಸರಿಯುವುದಿಲ್ಲ. ರಾಯರಿಗೆ ಮಾತ್ರ ಒಂದೊಂದು ಸಲ ಆ ಕಿವಿ ನಿನ್ನೆಗಿಂತ ಸ್ವಲ್ಪ ಹೆಚ್ಚು ಕಂಡ ಹಾಗೆ ಅನ್ನಿಸುತ್ತದೆ.

ಮೊನ್ನೆ ಹಾಗೆ ಅನ್ನಿಸಿದಾಗ ಅವರು ಎದ್ದು, ಹತ್ತಿರದಿಂದ ನೋಡಿಬಿಡೋಣ ಅಂತ ಪರದೆಯ ಮುಂದೆ ಹೋಗಿ ತಲೆ ವಾರೆ ಮಾಡಿ ನಿಂತರು. ಹಿಂದಿನಿಂದ ಅಮ್ಮನ ದನಿ ಬಂತು.

"ಅಡ್ಡ ನಿಂತ್ಕೋಬೇಡ ಕಣೋ. ಒಬ್ಬ ನಿಂತಿರೋದೇ ಸಾಕು."