ಬಿಸಿಲಿಗೂ ಮಳೆಗೂ ಅಲ್ಲದ ಕೊಡೆ

ಫುಟ್‌ಬಾಲ್ ಆಟದಲ್ಲಿ ಓಡಬೇಕಾಗುತ್ತದೆ ಎಂಬ ಸಂಗತಿಯನ್ನು ನಮ್ಮ ಸೋದರಮಾವನಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ! ರಾಣೆಬೆನ್ನೂರಿನ ನಮ್ಮ ತಂಡದಲ್ಲಿ ನಾನು ಗೋಲ್‌ಕೀಪರ್, ಅವನು ಬ್ಯಾಕ್. ನಾಲ್ಕು ವರ್ಷ ಆಡಿದ. ನಾಲ್ಕು ವರ್ಷವೂ ನನ್ನ ಎಡಗಡೆ ನೆಟ್ಟ ಗೂಟದ ಹಾಗೆ ನಿಂತೇ ಆಡಿದ. ನಡುಗೆರೆ ದಾಟುತ್ತಿದ್ದುದು ಅರ್ಧ ಆಟ ಮುಗಿದು ಕಡೆ ಬದಲಿಸುವಾಗ ಮಾತ್ರ, ಅದೂ ನನ್ನ ಬೆನ್ನ ಹಿಂದೆ.

“ಏ, ಒಂಚೂರು ಮುಂದ ಬಾರೋ ಮಾರಾಯಾ!” ಎಂದು ನಮ್ಮ ಕ್ಯಾಪ್ಟನ್ ಗಂಟಲು ಹರಿದುಕೊಳ್ಳುತ್ತಿದ್ದ.

“ನಾ ಇಲ್ಲೇ ಆರಾಮ ಅದೇನಿ. ನೀವು ಹೋಗಿ ಬರ್ರಿ!”

ಊರಿಗೆ ಹೊರಟ ಬೀಗರನ್ನು ಕಳಿಸಿಕೊಡುವವನಂತೆ ಕೈ ಬೇರೆ ಬೀಸುತ್ತಿದ್ದ.

ಮನೆಯಲ್ಲಾದರೂ ಸರಿಯಾಗಿದ್ದನೇ? ಹಾವೇರಿಯಿಂದ ನಮ್ಮೂರಿನ ಹತ್ತಿ ಅಂಗಡಿಗೆ ಗುಮಾಸ್ತನಾಗಿ ಬಂದ ಹೊಸದರಲ್ಲೇ ಅವನಿಗೊಂದು ಚಾಳಿ ಹತ್ತಿತು. ನಮ್ಮಲ್ಲಿ ಊಟಕ್ಕೆ ಕೂತಾಗಲೆಲ್ಲ, ಅವ್ವ ಬಡಿಸಿ ಆಚೆ ಹೋದದ್ದೇ ತಡ, ನನ್ನ ತಾಟನ್ನು ಸರ್ರನೆ ತಿರುಗಿಸಿಬಿಡುತ್ತಿದ್ದ. ಎಡಕ್ಕಿದ್ದ ಉಪ್ಪು, ಚಟ್ನಿ ಬಲಕ್ಕೆ. ಬಲಕ್ಕಿದ್ದ ಪಲ್ಯ ಎಡಕ್ಕೆ!

“ಹುಚ್ಚ ಹಿಡದೈತೇನ ನಿನಗ? ಅದೇನ ತಾಟೋ, ಬೀಸೂ ಕಲ್ಲೋ?” ಎಂದು ಅವ್ವ ಗದರುತ್ತಿದ್ದಳು.

“ಹಾವೇರಿ ಕಡೆ ಹಿಂಗ ಉಣ್ತಾರಕ್ಕಾ.”

ಅವ್ವನ ತವರೂ ಹಾವೇರಿಯೇ! ಒಂದೇ ಮನೆಯಲ್ಲಿ ಹುಟ್ಟಿ ಬೆಳೆದ ಅಕ್ಕನಿಗೇ ಗೊತ್ತಿಲ್ಲದ ಈ ಪದ್ಧತಿ ಇವನಿಗೆ ಎಲ್ಲಿಂದ ಬಂತು? ನನಗಂತೂ ತಲೆಬುಡ ತಿಳಿಯಲಿಲ್ಲ.

ಒಮ್ಮೆ ಚೆಂಡಿಗೆ ಅಡ್ಡ ಬೀಳಲು ಹೋಗಿ ಮಾವ ಗೋಲಿನ ಕಂಬಕ್ಕೆ ಮಂಡಿ ಬಡಿಸಿಕೊಂಡ. ಕಂಬ ಅಲ್ಲಾಡಲಿಲ್ಲ, ಮಂಡಿ ಅಲ್ಲಾಡಿತು. ಕುಂಟುವವನನ್ನು ಇನ್ನೇನು ಮಾಡುವುದು? ಮ್ಯಾನೇಜರ್ ಮಾಡಿದೆವು!

ಮ್ಯಾನೇಜರನ ಮೊದಲ ಕೆಲಸ, ಒಂದು ಕರಿ ಕೊಡೆ ತಂದದ್ದು. ನನ್ನ ಬಲಗಡೆ, ಗೆರೆಯಾಚೆ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದ. ರಣಬಿಸಿಲಿನಲ್ಲಿ ಕೊಡೆ ಮಡಚಿಟ್ಟುಕೊಂಡು ಬೆವರುತ್ತಿದ್ದ. ಮಳೆ ಹೊಡೆದರೂ ಮಡಚಿಟ್ಟುಕೊಂಡು ತೊಯ್ಯುತ್ತಿದ್ದ. ಆಟದ ನಡುವೆ ಮಾತ್ರ ಫಟ್ಟನೆ ಬಿಚ್ಚುತ್ತಿದ್ದ. ನನಗೊಬ್ಬನಿಗೇ ಅಪ್ಪಣೆಯಾಗಿತ್ತು: “ಕೊಡಿ ಬಿಚ್ಚಿದ್ರ ಎಡಕ್ಕ ಹಾರು. ಯಾಕ ಅಂತ ಕೇಳಬ್ಯಾಡ.”

ಹಾರುತ್ತಿದ್ದೆ. ಚೆಂಡು ಕೈಗೆ ಬರುತ್ತಿತ್ತು! ಏನಿದು, ಮಾಟವೇ, ಜ್ಯೋತಿಷ್ಯವೇ? ಕೊಡೆಯನ್ನು ಮಂತ್ರಿಸಿ ತಂದಿದ್ದಾನೆ ಎಂದರು ಜನ. ನಾನೂ ನಂಬಿದೆ.

ಇಷ್ಟರಲ್ಲಿ ನನ್ನದೂ ಒಂದು ಗುಟ್ಟು ಹೇಳಿಬಿಡಬೇಕು. ನನ್ನ ಎಡಗಣ್ಣು ವರ್ಷ ವರ್ಷಕ್ಕೆ ಮಬ್ಬಾಗುತ್ತ ಬಂದು, ಆಗಲೇ ಬೆಳಕು ಯಾವುದು, ಕತ್ತಲೆ ಯಾವುದು ಎಂದಷ್ಟೇ ಹೇಳುವ ಸ್ಥಿತಿಗೆ ಬಂದಿತ್ತು. ಬಾಯಿಬಿಟ್ಟರೆ ಅವ್ವ ಆಟ ಬಿಡಿಸುತ್ತಿದ್ದಳು, ಕ್ಯಾಪ್ಟನ್ ತಂಡ ಬಿಡಿಸುತ್ತಿದ್ದ. ಎರಡು ಕಂಬಗಳ ನಡುವೆ ನಿಂತಾಗ ಮಾತ್ರ ನಾನೂ ಒಬ್ಬ ಮನುಷ್ಯ ಎನ್ನಿಸುತ್ತಿದ್ದ ವಯಸ್ಸು ಅದು. ಯಾರಿಗೂ ಹೇಳಿರಲಿಲ್ಲ. ಗುಟ್ಟು ಬಚ್ಚಿಟ್ಟವನ ಬುದ್ಧಿ ನೋಡಿ, ಮಿಕ್ಕವರಿಗೂ ಕಣ್ಣಿಲ್ಲವೆಂದೇ ತಿಳಿದಿರುತ್ತಾನೆ!

ಆ ವರ್ಷದ ಕೊನೆಯ ಪಂದ್ಯ ಬ್ಯಾಡಗಿಯಲ್ಲಿ. ಮೈದಾನದ ಮಗ್ಗುಲಿಗೇ ಮೆಣಸಿನಕಾಯಿ ಒಣಹಾಕಿದ್ದರು. ಯುದ್ಧದ ಕಾಲ, ಹೊಸ ಚೆಂಡು ಸಿಗುತ್ತಿರಲಿಲ್ಲ. ತೇಪೆ ಹಾಕಿದ ಒಂದೇ ಚೆಂಡು ಮತ್ತೆ ಮತ್ತೆ ಆ ಕೆಂಪು ರಾಶಿಗೆ ಬಿದ್ದೆದ್ದು ಬರುತ್ತಿತ್ತು. ಹಿಡಿದು ಹಿಡಿದು ನನ್ನ ಕೈಯೆಲ್ಲ ಮೆಣಸಿನ ಪುಡಿ. ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೇ ಹೊರತು ಖಾರಕ್ಕಲ್ಲ, ನಿಜ. ಆದರೆ ಕಣ್ಣಿಗೆ ಅಷ್ಟೇ ಸಾಕಲ್ಲ! ಎರಡೂ ಕಡೆ ಗೋಲಿಲ್ಲ, ಆಟ ಮುಗಿಯಲು ಐದೇ ನಿಮಿಷ. ಬೆವರು ಇಳಿಯಿತೆಂದು ಒರೆಸಿಕೊಂಡೆ. ಬಲಗಣ್ಣನ್ನು!

ಕೊಡೆ ಎಲ್ಲಿ, ಚೆಂಡು ಎಲ್ಲಿ, ನಾನೆಲ್ಲಿ? ಆಟ ನಿಲ್ಲಿಸಿ ಎಂದು ಕೂಗಿದರೆ ಗುಟ್ಟು ಬಯಲು. ಒಂದು ಕಣ್ಣು ಉರಿದರೆ ಇನ್ನೊಂದರಿಂದ ನೋಡೋ ಎನ್ನುವುದಿಲ್ಲವೇ? ಬಾಯಿ ಮುಚ್ಚಿಕೊಂಡು ನಿಂತೆ. ಆಗ ನನ್ನ ಎಡಗಡೆ ಕುಂಟುಗಾಲಿನ ಸಪ್ಪಳ ಕೇಳಿಸಿತು.

“ಏ, ಮ್ಯಾನೇಜರ್ ಒಳಗ ಬರಂಗಿಲ್ರಿ!” ಎಂದು ಹಾವೇರಿಯಿಂದ ಬಂದಿದ್ದ ರೆಫರಿ ಸೀಟಿ ಊದಿದರು.

“ನಾ ಮ್ಯಾನೇಜರ್ ಅಲ್ರಿ, ಬ್ಯಾಕ್!”

ಧಪ್ ಎಂದು ಸದ್ದಾಯಿತು. ಚೆಂಡು ಮಾವನ ಎದೆಗೆ ಬಡಿದು ಹೊರಗೆ ಹೋಗಿತ್ತು. ಹನ್ನೆರಡನೆಯವನು ಆಡಿದ್ದಾನೆಂದು ಜಗಳವಾಗಿ, ಕೊನೆಗೆ ಅದನ್ನು ಗೋಲೆಂದೇ ಹಿಡಿದರು. ಸೋತೆವು.

ಬಾವಿಯ ಕಟ್ಟೆಯ ಮೇಲೆ ನನ್ನನ್ನು ಮಲಗಿಸಿ, ಕಣ್ಣಿಗೆ ನೀರು ಹನಿಸುತ್ತ ಮಾವ ಮೆಲ್ಲಗೆ ಅಂದ: “ತಿಕ್ಕಬ್ಯಾಡಲೇ. ನಿನಗಿರೂದು ಅದೊಂದ.”

ನೀರು ಹನಿಸುತ್ತಿದ್ದ ಅವನ ಕೈ ಹಿಡಿದುಕೊಂಡೆ. “ನಿನಗ ಯಾರು ಹೇಳಿದ್ರು ಮಾಮಾ?”

“ಯಾರ ಹೇಳಬೇಕು? ಬಂದ ದಿನಾನ ನೋಡೇನಿ. ಬಲಕ್ಕಿದ್ದ ಪಲ್ಯಾ ಖಾಲಿ ಮಾಡಿದಿ, ಎಡಕ್ಕಿದ್ದ ಚಟ್ನಿ ಹಂಗ ಬಿಟ್ಟಿ. ಸಣ್ಣಂವ ಇದ್ದಾಗ ಚಟ್ನಿ ಅಂದ್ರ ಜೀವಾ ಬಿಡತಿದ್ದಿ.”

ಅಷ್ಟರಲ್ಲಿ ರೆಫರಿ ಇನ್ನೊಂದು ಕೊಡ ನೀರು ತಂದಿಟ್ಟು ನನ್ನತ್ತ ಬಾಗಿದರು. “ಇಂವಾ ಬ್ಯಾಕ್ ಯಾವಾಗ ಆದನೋ ತಮ್ಮಾ? ಹಾವೇರ್ಯಾಗ ಗೋಲ ಹೊಡ್ಯಾಂವ ಅಂದ್ರ ಇವನ ಒಬ್ಬ. ಎಷ್ಟ ಸಲ ಹೇಳಿ ಕಳಿಸೇವಿ, ವಾಪಸ್ ಬಾ ಅಂತ. ‘ನಮ್ಮ ಹುಡುಗನ ಎಡಗಡೆ ಯಾರೂ ಇಲ್ಲ’ ಅಂದು ಕುಂತಬಿಟ್ಟ. ಅದೇನ ಅರ್ಥಾನೋ, ನನಗಿನ್ನೂ ತಿಳದಿಲ್ಲ!”

ನನಗೆ ತಿಳಿಯಿತು. ಐದು ವರ್ಷ ತಡವಾಗಿ.

ಮರುದಿನ ಊಟಕ್ಕೆ ಕೂತಾಗ ಮಾವ ಎಂದಿನಂತೆ ನನ್ನ ತಾಟು ತಿರುಗಿಸಿದ, ಅವ್ವ ಎಂದಿನಂತೆ ಬೈದಳು. ನಾನು ಮೊದಲು ಚಟ್ನಿಗೆ ಕೈ ಹಾಕಿದೆ. ಕಣ್ಣೀರು ಇಳಿಯಿತು, ಎರಡೂ ಕಣ್ಣಲ್ಲಿ. ಕಾಣದ ಕಣ್ಣಿಗೂ ಅಳಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

“ಯಾಕೋ, ಖಾರ ಆತೇನ?” ಅವ್ವ ಗಾಬರಿಯಾದಳು.

ಮಾವ ನಡುವೆ ಬಾಯಿ ಹಾಕಿದ: “ಬ್ಯಾಡಗಿ ಮೆಣಸಿನಕಾಯಿ ಅಲ್ಲೇನಕ್ಕಾ, ಭಾಳ ಖಾರ ಅವು!”

“ಬ್ಯಾಡಗಿ ಕಾಯಿಗೆ ಖಾರ ಎಲ್ಲಿಂದ ಬರಬೇಕೋ ಹುಚ್ಚಾ!” ಎಂದು ಅವ್ವ ಹಣೆ ಚಚ್ಚಿಕೊಂಡಳು.

ಮಾವ ತನ್ನ ತಾಟಿನ ಚಟ್ನಿಯನ್ನೂ ತೆಗೆದು ನನ್ನ ತಾಟಿಗೆ ಹಾಕಿದ, ಬಲಕ್ಕೆ.